ಹೀರೋ 13 ಬ್ಲ್ಯಾಕ್: ಯಾರು ಕೊಳ್ಳಬೇಕು, ಯಾರು ತಡೆಯಬಹುದು?

ಗೋಪ್ರೋ 2024ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ, ಹೆಲ್ಮೆಟ್‌ಗೋ ಬೈಕಿಗೋ ಕಟ್ಟಿ ಚಿತ್ರೀಕರಿಸುವ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಹೀರೋ 13 ಬ್ಲ್ಯಾಕ್ ಅನ್ನು ಕೊಳ್ಳಬೇಕೇ ಬೇಡವೇ ಎಂಬುದು ಈಗಾಗಲೇ ನಿಮ್ಮ ಬಳಿ ಯಾವ ಕ್ಯಾಮೆರಾ ಇದೆ ಎಂಬುದನ್ನು ಅವಲಂಬಿಸಿದೆ. ಇದರ ಹಿಂದಿನ ಮಾದರಿಯಾದ ಹೀರೋ 12 ಇರುವವರು ಅವಸರಪಡಬೇಕಾಗಿಲ್ಲ. ಅದೇ ಜಿಪಿ2 ಪ್ರೊಸೆಸರ್, ಅದೇ 27 ಮೆಗಾಪಿಕ್ಸೆಲ್ ಚಿತ್ರಗಳು, ಸೆಕೆಂಡಿಗೆ 60 ಫ್ರೇಮ್‌ಗಳ ಅದೇ 5.3ಕೆ ವಿಡಿಯೊ ಇಲ್ಲಿಯೂ ಮುಂದುವರಿದಿವೆ.

ಹೀರೋ 12ರಲ್ಲಿ ಕೈಬಿಟ್ಟಿದ್ದ ಜಿಪಿಎಸ್ ಮಾತ್ರ ಮರಳಿದೆ (ಕೈಬಿಟ್ಟದ್ದೇಕೋ!), ಆದ್ದರಿಂದ ಬೈಕಿನ ವೇಗವನ್ನೂ ಏರಿದ ಎತ್ತರವನ್ನೂ ವಿಡಿಯೊದ ಮೇಲೆಯೇ ತೋರಿಸಬಯಸುವವರಿಗೆ ಇದೊಂದೇ ಸಾಕಷ್ಟು ಕಾರಣವಾದೀತು. ಬ್ಯಾಟರಿ 1720ರಿಂದ 1900 ಎಂಎಎಚ್‌ಗೆ ಹೆಚ್ಚಿದೆಯಾದರೂ ಹಳೆಯ ಬ್ಯಾಟರಿಗಳು ಇದಕ್ಕೆ ಹೊಂದದ ಕಾರಣ, ಕ್ಯಾಮೆರಾದ ಬೆಲೆಯ ಜೊತೆಗೆ ಹೆಚ್ಚುವರಿ ಬ್ಯಾಟರಿಗಳ ಖರ್ಚನ್ನೂ ಲೆಕ್ಕ ಹಾಕಿಕೊಳ್ಳಬೇಕು. ಗೋಪ್ರೋದ ಬದಲಾಯಿಸಬಹುದಾದ ಎಚ್‌ಬಿ ಸರಣಿಯ ಲೆನ್ಸ್‌ಗಳಲ್ಲಿ ಒಂದನ್ನು ಕೂರಿಸಿದೊಡನೆ ಅದು ಯಾವುದೆಂದು ಕ್ಯಾಮೆರಾ ತಾನೇ ಗುರುತಿಸಿ ಸೆಟ್ಟಿಂಗ್ ಬದಲಿಸಿಕೊಳ್ಳುತ್ತದೆ. ಅವುಗಳಲ್ಲೊಂದಾದ, ತೀರಾ ಹತ್ತಿರದ ವಸ್ತುಗಳಿಗಾಗಿ ಇರುವ ಮ್ಯಾಕ್ರೋ ಲೆನ್ಸ್‌ನ ಉಂಗುರವನ್ನು ತಿರುಗಿಸಿದರೆ 11 ಸೆಂಟಿಮೀಟರ್ ದೂರದ ಎಲೆಯ ನರಗಳೂ ಸ್ಪಷ್ಟವಾಗಿ ಮೂಡುತ್ತವೆ. ಆದರೆ ಈ ಲೆನ್ಸ್‌ಗಳಿಗೆ ಪ್ರತ್ಯೇಕವಾಗಿ ಹಣ ತೆರಬೇಕು.

ಮಂದ ಬೆಳಕಿನಲ್ಲಿ, ಉದಾಹರಣೆಗೆ ಮಳೆಗಾಲದ ಆಗುಂಬೆ ಘಾಟಿಯಲ್ಲಿ ಸಂಜೆಯ ಹೊತ್ತು ಚಿತ್ರೀಕರಿಸುವವರು, ಮೊದಲು ಡಿಜೆಐ ಆಸ್ಮೊ ಆ್ಯಕ್ಷನ್ 5 ಪ್ರೊ ಕ್ಯಾಮೆರಾವನ್ನು ನೋಡುವುದು ಒಳ್ಳೆಯದು. ಬೆಳಕನ್ನು ಹಿಡಿಯುವ ಅದರ ಸೆನ್ಸರ್ 1/1.3 ಇಂಚಿನದು, ಗೋಪ್ರೋದಲ್ಲಿರುವುದು ಅದಕ್ಕಿಂತ ಚಿಕ್ಕದಾದ 1/1.9 ಇಂಚಿನದು. ಹೊರಕವಚವಿಲ್ಲದೆ ಡಿಜೆಐ ಕ್ಯಾಮೆರಾ ನೀರಿನಲ್ಲಿ 20 ಮೀಟರ್ ಆಳಕ್ಕೆ ಇಳಿಯಬಲ್ಲದು, ಗೋಪ್ರೋದ ಮಿತಿ 10 ಮೀಟರ್. ಹೀರೋ 9 ಅಥವಾ ಅದಕ್ಕೂ ಹಳೆಯದನ್ನು ಬಳಸುತ್ತಿರುವವರಿಗೆ, ಸೆಕೆಂಡಿಗೆ 120 ಫ್ರೇಮ್‌ಗಳ 4ಕೆ ವಿಡಿಯೊ ಒಂದಕ್ಕಾಗಿಯೇ ಹೀರೋ 13 ಅನ್ನು ಕೊಳ್ಳಿ ಎನ್ನಲು ನನಗೆ ಅಳುಕಿಲ್ಲ.