ಕರು ಹಾಕುವ ಮೊದಲು ಲವಣವೋ, ಹಾಕಿದ ಮೇಲೆ ಜೆಲ್ಲೋ: ನಮ್ಮ ಹಟ್ಟಿಯಲ್ಲಿ ಕಂಡದ್ದು

ಬ್ರಹ್ಮಾವರದ ಸಮೀಪವಿರುವ ನಮ್ಮ ಹಟ್ಟಿಯಲ್ಲಿ (ದನದ ಕೊಟ್ಟಿಗೆಯಲ್ಲಿ) ಆರು ದನಗಳಿವೆ. ಅವುಗಳಲ್ಲಿ ನಾಲ್ಕು ಜೆರ್ಸಿ ಮಿಶ್ರತಳಿಯವು, ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯವು. ಹಾಲು ಊರಿನ ಸಂಘದ ಮೂಲಕ ದಕ್ಷಿಣ ಕನ್ನಡ ಹಾಲು ಒಕ್ಕೂಟಕ್ಕೆ ಹೋಗುತ್ತದೆ. ಕಳೆದ ನಾಲ್ಕು ವರ್ಷಗಳಲ್ಲಿ ಇಲ್ಲಿ 14 ಬಾರಿ ದನಗಳು ಕರು ಹಾಕಿವೆ. ಆ 14ರಲ್ಲಿ, ಕರು ಹಾಕಿದ ಹೊತ್ತಿಗೆ ರಕ್ತದ ಕ್ಯಾಲ್ಸಿಯಂ ಕುಸಿದು ದನ ಬೀಳುವ ಹಾಲು ಜ್ವರವನ್ನು ತಡೆಯಲೆಂದು ನಾನು ಮೂರು ಬೇರೆ ಬೇರೆ ಕ್ರಮಗಳನ್ನು ಅನುಸರಿಸಿದ್ದೇನೆ. ಮೊದಲ ಐದಕ್ಕೆ ಬತ್ತಿಸಿದ (ಕರು ಹಾಕುವ ಮುನ್ನ ಹಾಲು ಕರೆಯುವುದನ್ನು ನಿಲ್ಲಿಸಿದ) ದಿನಗಳಲ್ಲಿ ಕ್ಯಾಲ್ಸಿಯಂ ಟಾನಿಕ್ ಕೊಟ್ಟೆ, ನಂತರದ ನಾಲ್ಕಕ್ಕೆ ಕರು ಹಾಕುವ ಮೂರು ವಾರ ಮೊದಲಿನಿಂದ, ರಕ್ತವನ್ನು ತುಸು ಆಮ್ಲದ ಕಡೆಗೆ ತರುವ ಅನಯಾನಿಕ್ ಲವಣ ಕೊಟ್ಟೆ, ಉಳಿದ ಐದಕ್ಕೆ ಕರು ಹಾಕಿದ ಕೂಡಲೇ ಬಾಯಿಯ ಮೂಲಕ ಕ್ಯಾಲ್ಸಿಯಂ ಜೆಲ್ ಕೊಟ್ಟೆ. ಇದು ಸಂಶೋಧನೆಯಲ್ಲ, ಒಂದು ಮನೆಯ ಲೆಕ್ಕದ ಪುಸ್ತಕ ಮಾತ್ರ. ಆದರೆ ಪ್ರತಿಯೊಂದನ್ನೂ ಬರೆದಿಟ್ಟಿರುವುದರಿಂದ ಹೋಲಿಸಿ ಹೇಳುವ ಧೈರ್ಯ ಮಾಡುತ್ತಿದ್ದೇನೆ.

ಹಾಲು ಜ್ವರವೆಂಬ ಹೆಸರೇ ದಾರಿ ತಪ್ಪಿಸುವಂಥದ್ದು, ಏಕೆಂದರೆ ಈ ಕಾಯಿಲೆಯಲ್ಲಿ ಜ್ವರವಿರುವುದಿಲ್ಲ, ಮೈ ತಣ್ಣಗಾಗುತ್ತದೆ. ಆರೋಗ್ಯವಾಗಿರುವ ದನದ ರಕ್ತದಲ್ಲಿ 100 ಮಿಲಿಲೀಟರಿಗೆ ಸುಮಾರು 8.5ರಿಂದ 10 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಹೋಗುತ್ತದೆ. ಅಂದರೆ 10 ಲೀಟರ್ ಕರೆದರೆ 20 ಗ್ರಾಂ ಹೊರಬಿದ್ದಂತೆ. ಆ ಹೊತ್ತಿಗೆ ಇಡೀ ಮೈಯ ರಕ್ತದಲ್ಲಿ ಓಡಾಡುತ್ತಿರುವುದು ಅದರ ಒಂದು ಸಣ್ಣ ಪಾಲು ಮಾತ್ರ. ಕೊರತೆಯನ್ನು ಎಲುಬಿನಿಂದಲೂ ಕರುಳಿನಿಂದಲೂ ಕೂಡಲೇ ತುಂಬಿಕೊಳ್ಳಬೇಕು. ಆ ವ್ಯವಸ್ಥೆ ಎಚ್ಚರಗೊಳ್ಳಲು ತಡವಾದರೆ ದನ ಕುಸಿಯುತ್ತದೆ. ಮೂರನೆಯ ಕರುವಿನ ನಂತರದ ದನಗಳಿಗೆ, ಅದರಲ್ಲೂ ಜೆರ್ಸಿಗೆ, ಈ ಅಪಾಯ ಹೆಚ್ಚು. ಅತ್ತೆಯವರ ಕಾಲದಲ್ಲಿ ಇದೇ ಹಟ್ಟಿಯಲ್ಲಿದ್ದ ಮಲೆನಾಡು ಗಿಡ್ಡ ಎಂಬ ಸಣ್ಣ ನಾಟಿ ದನಗಳು ಹೀಗೆ ಬಿದ್ದದ್ದನ್ನು ಅವರು ಕಂಡೇ ಇಲ್ಲವಂತೆ. ಕರುವಿಗೆ ಸಾಕಾಗುವಷ್ಟೇ ಹಾಲು ಕೊಡುವ ದನಕ್ಕೆ ಈ ತೊಂದರೆ ಏಕೆ ಬಂದೀತು?

ಟಾನಿಕ್‌ನಿಂದ ಆರಂಭಿಸುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲಿಯೇ. ಕರು ಹಾಕಿದ ಮೇಲೆ ಕ್ಯಾಲ್ಸಿಯಂ ಕಡಿಮೆಯಾಗುವುದಾದರೆ ಮೊದಲೇ ತುಂಬಿಸಿಡುವುದು ಒಳ್ಳೆಯದಲ್ಲವೇ ಎಂದು ಯೋಚಿಸಿ, ಬತ್ತಿಸಿದ ಎರಡು ತಿಂಗಳೂ ದಿನಕ್ಕೆ 100 ಮಿಲಿಲೀಟರ್ ದ್ರವ ಕ್ಯಾಲ್ಸಿಯಂ ಕುಡಿಸುತ್ತಿದ್ದೆ. ಅಂಗಡಿಯವರೂ ಅದನ್ನೇ ಹೇಳಿದ್ದರು. ಹೀಗೆ ಸಾಕಿದ ಐದರಲ್ಲಿ ಎರಡು ಬಿದ್ದವು.

ಅವುಗಳಲ್ಲಿ ಭಾಗಿ ಎಂಬ ಜೆರ್ಸಿ ಬಿದ್ದದ್ದು ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯ ರಾತ್ರಿ, ನಾಲ್ಕನೆಯ ಕರು ಹಾಕಿದ ಮರುದಿನ. ಸಂಜೆ ಹಾಲು ಕರೆಯುವಾಗ ಹಿಂಗಾಲು ತಡವರಿಸಿದ್ದನ್ನು ನೋಡಿಯೂ ನೆಲ ಜಾರಿರಬೇಕೆಂದುಕೊಂಡೆ. ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಹೋದಾಗ ಅದು ಕುಳಿತಲ್ಲೇ ಕತ್ತನ್ನು ತಿರುಗಿಸಿ ಮುಖವನ್ನು ಹೊಟ್ಟೆಯ ಬದಿಗೆ ಒರಗಿಸಿತ್ತು; ಕಿವಿ ಕೈಗೆ ತಣ್ಣಗೆ ತಾಗಿತು, ಮೂಗು ಒಣಗಿತ್ತು, ಸಗಣಿ ನಿಂತುಹೋಗಿತ್ತು. ಕರೆಂಟ್ ಇಲ್ಲದ ಆ ಹೊತ್ತಿನಲ್ಲಿ ಪಶುವೈದ್ಯರು ಬಂದು ತಲಪಲು ಒಂದೂವರೆ ಗಂಟೆ ಬೇಕಾಯಿತು. ಅವರು ಕ್ಯಾಲ್ಸಿಯಂ ಬೋರೋಗ್ಲುಕೋನೇಟಿನ 450 ಮಿಲಿಲೀಟರ್ ಬಾಟಲಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನ ಬಾಲ್ದಿಯಲ್ಲಿ ಇಡಿಸಿದರು, ನಂತರ ಕುತ್ತಿಗೆಯ ರಕ್ತನಾಳಕ್ಕೆ ಸೂಜಿ ಹಾಕಿ, ಎದೆಗೆ ಸ್ಟೆತಾಸ್ಕೋಪ್ ಒತ್ತಿಕೊಂಡೇ ನಿಧಾನವಾಗಿ ಇಳಿಸಿದರು. ಬೇಗ ಬಿಟ್ಟರೆ ಹೃದಯವೇ ನಿಂತುಬಿಡಬಹುದಂತೆ. ಬಾಟಲಿ ಮುಕ್ಕಾಲು ಮುಗಿಯುವಷ್ಟರಲ್ಲಿ ಭಾಗಿಯ ಮೈ ನಡುಗಲಾರಂಭಿಸಿತು, ದೊಡ್ಡದೊಂದು ತೇಗು ಬಂತು, ಗಟ್ಟಿ ಸಗಣಿ ಬಿತ್ತು, ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಂತಿತು. ಆದರೆ ಮಾರನೆಯ ಸಂಜೆ ಮತ್ತೆ ಕುಳಿತುಬಿಟ್ಟಿತು, ಇನ್ನೊಂದು ಬಾಟಲಿ ಬೇಕಾಯಿತು. ಬಾಟಲಿ ಜೀವ ಉಳಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ರಕ್ತದಲ್ಲಿ ಒಮ್ಮೆಗೇ ಏರಿದ ಕ್ಯಾಲ್ಸಿಯಂ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ ಎಂಬುದನ್ನೂ ಆ ದಿನ ಕಣ್ಣಾರೆ ಕಂಡೆ.

ಎರಡನೆಯ ಸಲ ಬಂದಾಗ ವೈದ್ಯರು ಕಿಟಕಿಯ ಮೇಲಿದ್ದ ಟಾನಿಕ್ ಡಬ್ಬಿಯನ್ನು ಕೈಗೆತ್ತಿಕೊಂಡು, "ಅಕ್ಕ, ಇದನ್ನು ಕರು ಹಾಕಿದ ಮೇಲೆ ಕೊಡಿ, ಬತ್ತಿಸಿದಾಗ ಬೇಡ" ಎಂದರು. ಬತ್ತಿದ ದಿನಗಳಲ್ಲಿ ಹೊಟ್ಟೆಗೆ ಧಾರಾಳವಾಗಿ ಕ್ಯಾಲ್ಸಿಯಂ ಸಿಗುತ್ತಿದ್ದರೆ ಎಲುಬಿನಿಂದ ತೆಗೆಯುವ ವ್ಯವಸ್ಥೆ ನಿದ್ದೆಗೆ ಜಾರುತ್ತದೆ, ಬೇಕಾದ ದಿನ ಅದು ಏಳುವುದಿಲ್ಲ ಎಂದು ವಿವರಿಸಿದರು. ಆಮೇಲೆ ಹಟ್ಟಿಯ ಹಿಂದಿನ ನೇಪಿಯರ್ ತಾಕನ್ನು ತೋರಿಸಿ, ಈ ಹುಲ್ಲಿಗೆ ಏನು ಬಿಡುತ್ತೀರಿ ಎಂದು ಕೇಳಿದರು. ಗಂಜಲ ಮತ್ತು ಗೋಬರ್ ಗ್ಯಾಸಿನ ಸ್ಲರಿ ನೇರವಾಗಿ ಅಲ್ಲಿಗೇ ಹೋಗುತ್ತದೆ ಎಂದೆ, ತುಸು ಹೆಮ್ಮೆಯಿಂದಲೇ. ಆ ಗಂಜಲದಲ್ಲಿರುವ ಪೊಟ್ಯಾಸಿಯಂ ಹುಲ್ಲಿಗೆ ಏರಿ, ಹುಲ್ಲಿನಿಂದ ಮತ್ತೆ ದನಕ್ಕೆ ಬಂದು, ರಕ್ತವನ್ನು ಕ್ಷಾರದ ಕಡೆಗೆ ವಾಲಿಸುತ್ತದೆ, ಆಗ ಕ್ಯಾಲ್ಸಿಯಂ ಬಿಡುಗಡೆ ಮಾಡಿಸುವ ಪ್ಯಾರಾಥೈರಾಯ್ಡ್ ಹಾರ್ಮೋನಿನ ಮಾತನ್ನು ಎಲುಬು ಸರಿಯಾಗಿ ಕೇಳುವುದಿಲ್ಲ ಎಂಬುದು ಅವರ ವಿವರಣೆ. ನಮ್ಮ ಅತಿ ಹಸಿರಾದ ತಾಕೇ ಗಬ್ಬದ ದನಕ್ಕೆ ಒಗ್ಗದ ಮೇವೆಂಬುದು ನನಗೆ ಹೊಳೆದೇ ಇರಲಿಲ್ಲ.

ಅಂದಿನಿಂದ ಲವಣದ ಪ್ರಯೋಗ ಆರಂಭವಾಯಿತು. ಅಮೋನಿಯಂ ಕ್ಲೋರೈಡ್, ಮೆಗ್ನೀಸಿಯಂ ಸಲ್ಫೇಟ್ ಮುಂತಾದವುಗಳ ಈ ಮಿಶ್ರಣವು ರಕ್ತವನ್ನು ಸ್ವಲ್ಪ ಆಮ್ಲದ ಕಡೆಗೆ ತರುತ್ತದೆ. ಕೊನೆಯ 21 ದಿನ ಕೊಟ್ಟು, ಕರು ಹಾಕಿದ ದಿನ ನಿಲ್ಲಿಸಬೇಕು. ಕೆಲಸ ನಡೆಯುತ್ತಿದೆಯೇ ಎಂದು ತಿಳಿಯಲು ಗಂಜಲದ ಪಿಎಚ್ (ಆಮ್ಲ-ಕ್ಷಾರದ ಅಳತೆ) ನೋಡಬೇಕು. ಹುಲ್ಲು ತಿನ್ನುವ ದನದ ಗಂಜಲ ಸಾಮಾನ್ಯವಾಗಿ 8ಕ್ಕಿಂತ ಮೇಲಿರುತ್ತದೆ, ಅದು 6ರಿಂದ 7ರ ನಡುವೆ ಇಳಿಯಬೇಕು. ಬೆಳಿಗ್ಗೆ ಬಾಲದ ಕೆಳಗೆ ಕೈಯಿಂದ ಮೆಲ್ಲಗೆ ಸವರಿದರೆ ದನ ಗಂಜಲ ಹೊಯ್ಯುತ್ತದೆ, ಪಿಎಚ್ ನೋಡುವ ಕಾಗದದ ಪಟ್ಟಿಯನ್ನು ಅದರಲ್ಲಿ ಅದ್ದಿದರೆ ಬಣ್ಣ ಕಾಣುತ್ತದೆ. ಮೊದಲ ದನದಲ್ಲಿ ಎಂಟು ದಿನಕ್ಕೆ 8.5ರಿಂದ 6.5ಕ್ಕೆ ಬಂತು. ಅದನ್ನು ನೋಡಿದಾಗ ಆದ ಸಂತೋಷ ಮಗಳ ಪರೀಕ್ಷೆಯ ಫಲಿತಾಂಶ ಬಂದಾಗಲೂ ಆಗಿರಲಿಲ್ಲವೆಂದು ನಮ್ಮ ಯಜಮಾನರು ಇಂದಿಗೂ ತಮಾಷೆ ಮಾಡುತ್ತಾರೆ.

ನಾಲ್ಕರಲ್ಲಿ ಒಂದೂ ಬೀಳಲಿಲ್ಲ. ಹಾಗಿದ್ದರೂ ನಾನು ಈ ಕ್ರಮವನ್ನು ಮುಂದುವರಿಸಲಿಲ್ಲ. ಮೊದಲನೆಯದಾಗಿ, ಈ ಲವಣ ಕಹಿ. ತೆಂಗಿನ ಹಿಂಡಿಯಲ್ಲಿ ಕಲಸಿಟ್ಟರೂ ಕಪಿಲೆ ಮೂಸಿ ಮುಖ ತಿರುಗಿಸಿತು, ನಾಲ್ಕು ದಿನ ಅರ್ಧ ಹಿಂಡಿ ಬಾನಿಯಲ್ಲೇ ಉಳಿಯಿತು. ಕರು ಹಾಕುವ ಮುನ್ನ ಹೇಗೂ ಹಸಿವು ಕಡಿಮೆಯಾಗುವ ದಿನಗಳಲ್ಲಿ ಇನ್ನಷ್ಟು ಕಡಿಮೆ ತಿನ್ನಿಸಿದರೆ ಒಂದು ಕಾಯಿಲೆಯನ್ನು ತಡೆಯಲು ಹೋಗಿ ಇನ್ನೊಂದನ್ನು ಕರೆದಂತಾಗುತ್ತದೆ. ಎರಡನೆಯದಾಗಿ, ದಿನದ ಲೆಕ್ಕ. ಕೃತಕ ಗರ್ಭಧಾರಣೆಯ ದಿನದಿಂದ ಸುಮಾರು 280 ದಿನ ಎಣಿಸಿ ಹಿಂದಕ್ಕೆ 21 ದಿನ ಗುರುತು ಹಾಕಬೇಕು, ಆದರೆ ಒಂದು ದನ ಹತ್ತು ದಿನ ಮೊದಲೇ ಕರು ಹಾಕಿದ್ದರಿಂದ ಅದಕ್ಕೆ ಲವಣ ಸಿಕ್ಕಿದ್ದು 11 ದಿನ ಮಾತ್ರ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಉಳಿದು ಪಿಎಚ್ ಪಟ್ಟಿಗಳೆಲ್ಲ ತೇವಕ್ಕೆ ಬಣ್ಣಗೆಟ್ಟದ್ದು ಬೇರೆ. ಐವತ್ತು ದನಗಳಿರುವ ಫಾರ್ಮಿನಲ್ಲಿ, ಬತ್ತಿದ ದನಗಳನ್ನು ಪ್ರತ್ಯೇಕವಾಗಿ ಕಟ್ಟಿ ಮೇವನ್ನೆಲ್ಲ ಒಟ್ಟಿಗೆ ಕಲಸಿ ಹಾಕುವವರಿಗೆ ಇದೇ ಉತ್ತಮವೆಂದು ನಾನು ಈಗಲೂ ಒಪ್ಪುತ್ತೇನೆ, ಏಕೆಂದರೆ ಇದೊಂದೇ ಕ್ರಮವು ಕಾಯಿಲೆಯ ಬೇರಿಗೆ ಕೈ ಹಾಕುತ್ತದೆ.

ಜೆಲ್ಲಿನ ಕ್ರಮ ಇದಕ್ಕಿಂತ ಸರಳ. ಸುಮಾರು 300 ಮಿಲಿಲೀಟರಿನ ಒಂದು ಟ್ಯೂಬನ್ನು ಕರು ಹಾಕಿ ಎದ್ದು ನಿಂತ ಕೂಡಲೇ, ಇನ್ನೊಂದನ್ನು ಮರುದಿನ ಕೊಡಬೇಕು. ಎರಡರ ಬೆಲೆ ನಮಗೆ ಆ ದನದ ಎರಡು ದಿನದ ಹಾಲಿನ ಹಣದೊಳಗೇ ಮುಗಿಯಿತು. ಕೊಟ್ಟ ಐದು ದನಗಳೂ ವಯಸ್ಸಾದ ಅಥವಾ ಹೆಚ್ಚು ಹಾಲಿನ ದನಗಳು, ಭಾಗಿಯೂ ಅದರಲ್ಲಿ ಸೇರಿತ್ತು. ಒಂದೂ ಬೀಳಲಿಲ್ಲ, ಒಂದು ಮಾತ್ರ ಎರಡನೆಯ ದಿನ ಸ್ವಲ್ಪ ತಡವರಿಸಿ ಸರಿಯಾಯಿತು. ದೋಷವಿಲ್ಲವೆಂದಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಇರುವ ಜೆಲ್ ಬಾಯಿ ಗಂಟಲಿಗೆ ಉರಿ, ದನ ತಲೆ ಕೊಡವುತ್ತದೆ. ಗೊಟ್ಟದಲ್ಲಿ (ಔಷಧ ಕುಡಿಸುವ ಬಿದಿರಿನ ಕೊಳವೆಯಲ್ಲಿ) ಕುಡಿಸಿ ಅಭ್ಯಾಸವಿರುವವರು ತಲೆಯನ್ನು ತುಂಬಾ ಎತ್ತಿ ಹಿಡಿಯುತ್ತಾರೆ, ಆಗ ಔಷಧ ಶ್ವಾಸನಾಳಕ್ಕೆ ಹೋಗುವ ಭಯವಿರುತ್ತದೆ. ದವಡೆಯ ಮೂಲೆಯಿಂದ ನಾಲಗೆಯ ಹಿಂಭಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಒತ್ತಿ, ನುಂಗುವುದನ್ನು ಕಾಯಬೇಕು. ಆಗಲೇ ಬಿದ್ದು ಕತ್ತು ತಿರುಗಿಸಿದ ದನಕ್ಕೆ ಬಾಯಿಯ ಮೂಲಕ ಏನನ್ನೂ ಕೊಡಬಾರದು, ಅದಕ್ಕೆ ನುಂಗುವ ಶಕ್ತಿ ಇರುವುದಿಲ್ಲ. ಅಲ್ಲಿ ಬಾಟಲಿಯೇ ಗತಿ.

ಇಷ್ಟು ಹೇಳಿದ ಮೇಲೆ ಒಂದು ವಿಷಯವನ್ನು ಮುಚ್ಚಿಡಬಾರದು. ಜೆಲ್ ಆರಂಭಿಸಿದ ಹೊತ್ತಿಗೇ ನಾನು ಗಬ್ಬದ ದನಗಳಿಗೆ ಕೊನೆಯ ಮೂರು ವಾರ ಸ್ಲರಿ ತಾಕಿನ ನೇಪಿಯರ್ ನಿಲ್ಲಿಸಿದ್ದೆ. ಅದರ ಬದಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವ ಬೈಹುಲ್ಲು, ತೋಟದ ಬದಿಯ ಕಾಟುಹುಲ್ಲು ಮತ್ತು ಪಶು ಆಹಾರ ಕೊಡುತ್ತೇನೆ. ಪಶು ಆಹಾರವನ್ನು ದಿನಕ್ಕೆ ಒಂದು ಕಿಲೋದಿಂದ ಆರಂಭಿಸಿ ಕರು ಹಾಕುವ ಹೊತ್ತಿಗೆ ಎರಡೂವರೆ ಕಿಲೋದವರೆಗೆ ಏರಿಸುತ್ತೇನೆ. ಹಾಗಾಗಿ ಗೆದ್ದದ್ದು ಜೆಲ್ಲೋ ಬೈಹುಲ್ಲೋ ಎಂದು ಬೇರ್ಪಡಿಸಿ ಹೇಳಲು ನನ್ನ ಲೆಕ್ಕದ ಪುಸ್ತಕ ಸಾಲದು. ನನ್ನ ಅಂದಾಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹುಲ್ಲು ಬದಲಿಸಿದ್ದಕ್ಕೇ ಸಲ್ಲಬೇಕು, ಅದಕ್ಕೆ ಕಾಸೂ ಹೆಚ್ಚು ಖರ್ಚಾಗಲಿಲ್ಲ.

ಇದಕ್ಕೆ ಅಂಟಿಕೊಂಡಂತೆ ಇನ್ನೊಂದು ಹೋಲಿಕೆಯಿದೆ, ಬೆಲ್ಲ ಮತ್ತು ಪ್ರೊಪಿಲೀನ್ ಗ್ಲೈಕಾಲ್‌ನದು. ಕರು ಹಾಕಿದ ದನಕ್ಕೆ ಕುಚ್ಚಲಕ್ಕಿ ಗಂಜಿ, ಬೆಲ್ಲ, ಮೆಂತ್ಯ, ತೆಂಗಿನಕಾಯಿ ಹಾಕಿ ಬಾಣಂತಿಯಂತೆ ಆರೈಕೆ ಮಾಡುವುದು ನಮ್ಮ ಮನೆಯ ಪದ್ಧತಿ. ನಮ್ಮ ದಪ್ಪ ಮೈಯ ಎಚ್‌ಎಫ್ ಒಂದು ಕರು ಹಾಕಿದ ಮೂರನೆಯ ವಾರದಲ್ಲಿ ಹುಲ್ಲು ತಿಂದು ಹಿಂಡಿ ಬಿಡತೊಡಗಿತು, ಹಾಲು 14 ಲೀಟರಿನಿಂದ 9ಕ್ಕೆ ಇಳಿಯಿತು, ಉಸಿರಿನಲ್ಲಿ ಹಣ್ಣಿನಂತಹ ಸಿಹಿ ವಾಸನೆ ಬಂತು. ಅದು ಕೀಟೋಸಿಸ್, ಅಂದರೆ ಹಾಲಿಗೆ ಬೇಕಾದಷ್ಟು ಶಕ್ತಿ ಮೇವಿನಿಂದ ಸಿಗದೆ ದನ ಮೈಯ ಕೊಬ್ಬನ್ನು ಕರಗಿಸಿಕೊಳ್ಳುವಾಗ ಬರುವ ಕಾಯಿಲೆ. ಬೆಲ್ಲ ಸಿಹಿಯಲ್ಲವೇ ಎಂದು ದಿನಕ್ಕೆ ಒಂದು ಕಿಲೋದಂತೆ ಎರಡು ದಿನ ಕೊಟ್ಟದ್ದಕ್ಕೆ ಸಗಣಿ ತೆಳುವಾಯಿತೇ ಹೊರತು ಬೇರೇನೂ ಆಗಲಿಲ್ಲ. ಮನುಷ್ಯರಲ್ಲಿ ಆಗುವಂತೆ ದನದ ಹೊಟ್ಟೆಯಲ್ಲಿ ಬೆಲ್ಲ ನೇರವಾಗಿ ರಕ್ತದ ಸಕ್ಕರೆಯಾಗುವುದಿಲ್ಲ, ಮೆಲುಕು ಹೊಟ್ಟೆಯಲ್ಲೇ ಹುಳಿದು ಆಮ್ಲವಾಗುತ್ತದೆ. ಗಂಜಿ ಹೆಚ್ಚಾದರಂತೂ ಹೊಟ್ಟೆ ಕೆಟ್ಟು ದನವೇ ಮಲಗೀತು. ವೈದ್ಯರು ಡೆಕ್ಸ್‌ಟ್ರೋಸ್ ಏರಿಸಿ, ಗ್ಲೈಕಾಲನ್ನು ದಿನಕ್ಕೆ 300 ಮಿಲಿಲೀಟರಿನಂತೆ ಐದು ದಿನ ಕುಡಿಸಲು ಹೇಳಿದರು. ಅದನ್ನು ಯಕೃತ್ತು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ನಾಲ್ಕನೆಯ ದಿನ ದನ ಹಿಂಡಿ ಕೇಳಿತು. ಅತ್ತೆಯವರ ಮನಸ್ಸಿಗೆ ನೋವಾಗದಂತೆ ಈಗ ಕರು ಹಾಕಿದ ದಿನ ಒಂದು ದೊಡ್ಡ ಬಾಲ್ದಿ ಉಗುರುಬೆಚ್ಚಗಿನ ನೀರಿಗೆ ಒಂದು ಅಚ್ಚು ಬೆಲ್ಲ ಕರಗಿಸಿ ಇಡುತ್ತೇವೆ. ಆ ರುಚಿಗೆ ದನ ಹೆಚ್ಚು ನೀರು ಕುಡಿಯುತ್ತದೆ, ಅದು ಲಾಭವೇ.

ಕರು ಹಾಕಿದ ಮೇಲೆ ಮಾಸು (ಗರ್ಭದ ಚೀಲ) ಬೀಳಲೆಂದು ಬಿದಿರಿನ ಸೊಪ್ಪು ಹಾಕುವುದನ್ನು ನಾವು ಬಿಟ್ಟಿಲ್ಲ. ಅದರಿಂದ ಕೆಡುಕಾದದ್ದನ್ನು ನೋಡಿಲ್ಲ, ಗುಣವಾದದ್ದನ್ನೂ ಖಚಿತವಾಗಿ ಹೇಳಲಾರೆ. ಮಾಸನ್ನು ಕೈಹಾಕಿ ಎಳೆಯುವುದನ್ನು ಮಾತ್ರ ಪೂರ್ತಿ ನಿಲ್ಲಿಸಿದ್ದೇವೆ.

ಈ ಬಾರಿ ಭಾಗಿಯ ದಿನ ಮತ್ತೆ ಆಟಿಯಲ್ಲೇ ಬೀಳುತ್ತದೆ. ಅದರ ಗರ್ಭಧಾರಣೆಯ ದಿನ ಖಚಿತವಿರುವುದರಿಂದ ಅದೊಂದಕ್ಕೆ ಲವಣ ಮತ್ತು ಜೆಲ್ ಎರಡನ್ನೂ ಕೊಡಲು ವೈದ್ಯರಲ್ಲಿ ಕೇಳಿ ನಿಶ್ಚಯಿಸಿದ್ದೇನೆ. ಮೊದಲ ಕರು ಹಾಕುವ ಗೌರಿಗೆ ಎರಡೂ ಬೇಡ, ಬೈಹುಲ್ಲು ಸಾಕು. ಜೆಲ್ಲಿನ ನಾಲ್ಕು ಟ್ಯೂಬುಗಳು ಹಟ್ಟಿಯ ಅಟ್ಟದ ಮೇಲೆ ಡಬ್ಬಿಯಲ್ಲಿವೆ, ಪಿಎಚ್ ಪಟ್ಟಿಗಳನ್ನು ಈಗ ಅಡುಗೆಮನೆಯಲ್ಲಿ ಹಪ್ಪಳದ ಡಬ್ಬದೊಳಗೆ ಇಟ್ಟಿದ್ದೇನೆ.