1 ದಿನದ ಕೆಲಸಕ್ಕೆ 19 ದಿನ: ಪೆಟ್ರೋಲ್ ಪೈಪು ಬದಲಿಸಲು ಕಾರು ಬಿಡುವವರು ಓದಿ

ಕಲಬುರಗಿಯಲ್ಲಿ ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಪೆಟ್ರೋಲ್ ಪೈಪು ಬದಲಿಸಲೆಂದು ರಿಂಗ್ ರೋಡಿನ ಒಂದು ಗ್ಯಾರೇಜಿನಲ್ಲಿ ಬಿಟ್ಟ ನನ್ನ ಕಾರು ಅಲ್ಲಿ 19 ದಿನ ನಿಂತಿತು, ನನ್ನಿಂದ 9,800 ರೂಪಾಯಿ ಹೋಯಿತು, ಪೈಪು ಮಾತ್ರ ಬದಲಾಗಲಿಲ್ಲ.

ನನ್ನದು 2008ರ ಆಲ್ಟೊ. ಏಪ್ರಿಲ್ ಕೊನೆಯಲ್ಲಿ ಹಿಂದಿನ ಸೀಟಿನಲ್ಲಿ ಕುಳಿತಿದ್ದ ನಮ್ಮ ತಾಯಿಗೆ ಪೆಟ್ರೋಲ್ ವಾಸನೆ ಬಂತು. ಬಗ್ಗಿ ನೋಡಿದರೆ, ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಕಬ್ಬಿಣದ ಪೈಪು ತುಕ್ಕು ಹಿಡಿದು ಒಂದು ಕಡೆ ಒದ್ದೆಯಾಗಿತ್ತು. ಮಿಸ್ತ್ರಿ ನೋಡಿದವನೇ, "ಪೂರಾ ಲೈನ್ ಹೊಸಾದು ಹಾಕಬೇಕ್ರಿ ಸರ, ಎರಡ ದಿನದಾಗ ಕೊಡ್ತೀನಿ" ಎಂದು 4,500 ಹೇಳಿ 3,000 ಮುಂಗಡ ಪಡೆದ.

ಮೂರನೆಯ ದಿನ ಕೇಳಿದರೆ ಸಾಮಾನು ಹೈದರಾಬಾದಿನಿಂದ ಬರಬೇಕು ಎಂದ. ಆರನೆಯ ದಿನ ಹುಡುಗ ಜಾತ್ರೆಗೆ ಊರಿಗೆ ಹೋಗಿದ್ದ. ಒಂಬತ್ತನೆಯ ದಿನ, "ಈಗಿನ ಪೆಟ್ರೋಲಿನ್ಯಾಗ ಎಥೆನಾಲ್ ಬರ್ತದ ಸರ, ರಬ್ಬರ್ ತಿಂತದ, ಎಲ್ಲಾ ಜಾಯಿಂಟ್ ಬಿಚ್ಚಿ ನೋಡಬೇಕಾಗ್ತದ" ಎಂದ. ಈ ಮಾತಿನಲ್ಲಿ ಸ್ವಲ್ಪ ನಿಜವಿದ್ದುದರಿಂದಲೇ ನಾನು ನಂಬಿದೆ. ಈಗ ಪೆಟ್ರೋಲಿಗೆ ಶೇ. 20ರಷ್ಟು ಎಥೆನಾಲ್ ಬೆರೆಸುತ್ತಾರೆ, ಕೆಲವು ಹಳೆಯ ವಾಹನಗಳಲ್ಲಿ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು ಎಂದು ಸರ್ಕಾರವೇ ಹೇಳಿದೆ. ಆದರೆ ಅದು ರಬ್ಬರ್ ಬದಲಿಸಲು ಕಾರಣವೇ ಹೊರತು ಕಾರನ್ನು 19 ದಿನ ಬಿಸಿಲಿನಲ್ಲಿ ನಿಲ್ಲಿಸಲು ಕಾರಣವಲ್ಲ. ಹದಿನಾಲ್ಕನೆಯ ದಿನ ಹೋದಾಗ ಕಾರು ನಾನು ಬಿಟ್ಟ ಜಾಗದಲ್ಲೇ ಇತ್ತು, ಗಾಜಿನ ಮೇಲೆ ಬೇವಿನ ಎಲೆ ಬಿದ್ದಿತ್ತು. "ಟ್ಯಾಂಕ್ ಇಳಿಸಿ ಪೈಪ್ ಹಾಕಿ ಮತ್ತ ಏರಿಸೀವ್ರಿ, ಟೆಸ್ಟಿಂಗ್ ಅಷ್ಟೇ ಬಾಕಿ ಅದ" ಎಂದ. ನಾನು ಕೆಳಗೆ ಬಗ್ಗಿ ನೋಡಲಿಲ್ಲ. ಮನೆಯಲ್ಲಿ ಹೆಂಡತಿ ಅನುಮಾನಪಟ್ಟಾಗ ಅವನ ಪರವಾಗಿ ನಾನೇ ವಾದಿಸಿದೆ, ಮೇಲಾಗಿ ಸಹೋದ್ಯೋಗಿಯೊಬ್ಬರಿಗೆ ಅದೇ ಗ್ಯಾರೇಜನ್ನು ಹೇಳಿಯೂ ಬಿಟ್ಟಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಕಾರು ಕೊಡುವಾಗ ಬಿಲ್ಲು 9,800 ಆಗಿತ್ತು. "ಟ್ಯಾಂಕ್ ಇಳಿಸಿ ಏರಿಸೋದಂದ್ರ ಸಣ್ಣ ಮಾತಲ್ಲ ಸರ" ಎಂದ. ಕೊಟ್ಟು ಬಂದೆ.

ನಾಲ್ಕು ದಿನದ ಮೇಲೆ ತಾಯಿಯನ್ನು ಗಾಣಗಾಪುರಕ್ಕೆ ಕರೆದೊಯ್ಯುವಾಗ ಚೌಡಾಪುರದ ಹತ್ತಿರ ಮತ್ತೆ ಅದೇ ವಾಸನೆ ಬಂತು. ಅಲ್ಲಿಂದಲೇ ತಿರುಗಿ, ಮೆಲ್ಲಗೆ ಓಡಿಸಿಕೊಂಡು ಬಂದು ಸೇಡಂ ರಸ್ತೆಯ ಬೇರೊಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಮಿಸ್ತ್ರಿ ಕಾರನ್ನು ಮೇಲಕ್ಕೆತ್ತಿ, ಟಾರ್ಚ್ ಹಿಡಿದು, "ಇಲ್ಲಿ ನೋಡ್ರಿ" ಎಂದು ಟ್ಯಾಂಕಿನ ಬೋಲ್ಟುಗಳನ್ನು ತೋರಿಸಿದ. ಕಳೆದ ಮಳೆಗಾಲದಲ್ಲಿ ತೊಗರಿ ಹೊಲಕ್ಕೆ ಹೋದಾಗ ಮೆತ್ತಿದ ಎರೆಮಣ್ಣು ಆ ಬೋಲ್ಟುಗಳ ತಲೆಯ ಮೇಲೆ ಒಣಗಿ ಕಲ್ಲಾಗಿ ಕುಳಿತಿತ್ತು. ಒಂದು ಬೋಲ್ಟಿಗೂ ಪಾನಾ ತಾಗಿರಲಿಲ್ಲ. ಟ್ಯಾಂಕು ಇಳಿದೇ ಇರಲಿಲ್ಲ. ಹೊಸದೆಂದು ನಾನು ಹಣ ಕೊಟ್ಟಿದ್ದ ಪೈಪನ್ನು ಉಗುರಿನಿಂದ ಕೆರೆದೆ, ಕಪ್ಪು ಬಣ್ಣ ಸಿಪ್ಪೆಯಂತೆ ಎದ್ದು ಕೆಳಗೆ ಅದೇ ಹಳೆಯ ತುಕ್ಕು ಕಂಡಿತು. ಹೊಸದಾಗಿದ್ದುದು ಎಂಜಿನ್ ಬಳಿಯ ಒಂದು ಗೇಣು ರಬ್ಬರ್ ಪೈಪು ಮಾತ್ರ, ಅದೂ ಈ ಕಾರಿಗೆ ಹಾಕಬಾರದಂಥದ್ದು. ನನ್ನದರಂಥ ಇಂಜೆಕ್ಷನ್ ಕಾರಿನಲ್ಲಿ, ಅಂದರೆ ಎಂಜಿನ್ನಿಗೆ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಕಾರಿನಲ್ಲಿ, ಪೈಪಿನೊಳಗೆ ಪೆಟ್ರೋಲಿನ ಒತ್ತಡ ಸುಮಾರು 3 ಬಾರ್ ಇರುತ್ತದೆ, ಅಂದರೆ ನಾವು ಟೈರಿಗೆ ಹಾಕಿಸುವ ಗಾಳಿಗಿಂತಲೂ ಹೆಚ್ಚು. ಸಾದಾ ಪೈಪು ಅದನ್ನು ತಡೆಯದು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದ ಆ ಕಾರಿನಲ್ಲಿ ನಾನು ತಾಯಿಯನ್ನು ಕೂರಿಸಿಕೊಂಡು ಹೊರಟಿದ್ದೆ.

ರಿಂಗ್ ರೋಡಿನ ಮಿಸ್ತ್ರಿಗೆ ಫೋನ್ ಮಾಡಿದೆ. ಮೊದಲು, "ನಾವು ಹಾಕೀವ್ರಿ, ಆ ಮಿಸ್ತ್ರಿ ಸುಳ್ಳು ಹೇಳಾಕತ್ಯಾನ" ಎಂದ. ಮಣ್ಣಿನ ಮಾತು ಎತ್ತಿದಾಗ, "ಟ್ಯಾಂಕ್ ಇಳಿಸದನೂ ಹಾಕಬಹುದ್ರಿ" ಎಂದ. ಹಾಗಾದರೆ ಟ್ಯಾಂಕ್ ಇಳಿಸಿದ ಕೂಲಿ ಏಕೆ ತೆಗೆದುಕೊಂಡೆ ಎಂದು ಕೇಳಿದ್ದಕ್ಕೆ, "ಹಳೀ ಗಾಡಿ ಅದ ಸರ, ಎಷ್ಟಂತ ಮಾಡೋದು" ಎಂದು ಫೋನ್ ಇಟ್ಟ. ಹಳೆಯ ಗಾಡಿ ಎಂದು ಅವನಿಗೆ ಮುಂಗಡ ಪಡೆಯುವಾಗ ತಿಳಿದಿರಲಿಲ್ಲವೇ?

ಸೇಡಂ ರಸ್ತೆಯ ಮಿಸ್ತ್ರಿ ಪೈಪನ್ನು ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ತರಿಸಿದ. ಮರುದಿನ ಬೆಳಿಗ್ಗೆ 11ಕ್ಕೆ ಕೆಲಸ ಹಿಡಿದು, ಟ್ಯಾಂಕು ಇಳಿಸಿ, ತುಕ್ಕು ಹಿಡಿದ ಎರಡು ಬೋಲ್ಟು ಕತ್ತರಿಸಿ ತೆಗೆದು, ಹೊಸ ಪೈಪು ಕೂರಿಸಿ ಸಂಜೆ 5ಕ್ಕೆ ಕಾರು ಕೊಟ್ಟ. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕುಳಿತಿದ್ದೆ. ಸಾಮಾನು ಕೈಯಲ್ಲಿದ್ದರೆ ಇದು ಒಂದು ದಿನದ ಕೆಲಸ, ಬೋಲ್ಟುಗಳು ತೀರ ಹಟ ಹಿಡಿದರೆ ಎರಡು ದಿನ. ತುದಿಯ ರಬ್ಬರ್ ಪೈಪುಗಳಷ್ಟೇ ಆದರೆ ಒಂದೆರಡು ತಾಸು ಸಾಕು.

ಆದ್ದರಿಂದ ಸಾಮಾನು ಬಂದ ಮೇಲೆಯೇ ಕಾರು ಬಿಡಿ, ಮುಂಗಡ ಕೊಡಬೇಡಿ, ಬಿಚ್ಚಿದ ಹಳೆಯ ಪೈಪನ್ನು ಕೈಗೆ ಕೊಡುವವರೆಗೆ ಬಿಲ್ಲು ಕಟ್ಟಬೇಡಿ. ನನ್ನ ಕಾರಿನಿಂದ ಬಿಚ್ಚಿದ, ಕಪ್ಪು ಬಣ್ಣ ಬಳಿದ ಆ ತುಕ್ಕಿನ ಪೈಪು ಈಗ ನನ್ನ ಮನೆಯಲ್ಲಿದೆ. ಅದನ್ನು ಹಿಡಿದುಕೊಂಡು ಎರಡು ಸಲ ರಿಂಗ್ ರೋಡಿಗೆ ಹೋಗಿ ಬಂದೆ. ಎರಡು ಸಲವೂ, "ಮಾಲೀಕರು ಇಲ್ರಿ, ನಾಳಿಗಿ ಬರ್ರಿ" ಎಂದು ಹುಡುಗ ಹೇಳಿ ಕಳಿಸಿದ.