ವಯಸ್ಸಾದವರ ಹೊಟ್ಟೆಗೆ ಅಂತ ಮಾರೋ ಬೀನ್ಸ್ ಪೌಡರ್: ಐದಕ್ಕೆ ಮೂರು ಸ್ಟಾರ್

ಬ್ರ್ಯಾಂಡ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಥರದ ಡಬ್ಬಗಳ ಕಥೆ ಎಲ್ಲಾ ಹೆಚ್ಚುಕಮ್ಮಿ ಒಂದೇ, ರಾಜ್ಮಾ, ಬಿಳಿ ಬೀನ್ಸ್, ಕಡಲೆ ಎಲ್ಲ ಸೇರಿಸಿ ಪುಡಿ ಮಾಡಿ ಮೇಲೆ ದಪ್ಪಕ್ಷರದಲ್ಲಿ ರೆಸಿಸ್ಟೆಂಟ್ ಸ್ಟಾರ್ಚ್, ಗಟ್ ಹೆಲ್ತ್, 60 ದಾಟಿದವರಿಗೆ ಅಂತ ಬರ್ದಿರ್ತಾರೆ. ಅಮ್ಮಂಗೆ ಹಲ್ಲಿನ ತೊಂದರೆ, ಕಾಳು ಅಗಿಯಕ್ಕಾಗಲ್ಲ, ಜೊತೆಗೆ ಮೋಷನ್ ಸರಿಯಾಗಿ ಆಗಲ್ಲ ಅನ್ನೋ ಗೋಳು ಬೇರೆ, ಅದಕ್ಕೇ ತರಿಸಿದ್ದು.

ಮೊದಲು ಐಡಿಯಾ ಬಗ್ಗೆ ಹೇಳ್ತೀನಿ, ಐಡಿಯಾ ಒಳ್ಳೇದೇ. ನಾವು ತಿನ್ನೋ ಸ್ಟಾರ್ಚ್ ಬಹುಪಾಲು ಸಣ್ಣ ಕರುಳಲ್ಲೇ ಗ್ಲೂಕೋಸ್ ಆಗಿ ರಕ್ತಕ್ಕೆ ಹೋಗುತ್ತೆ, ಆದ್ರೆ ಸ್ವಲ್ಪ ಭಾಗ ಜೀರ್ಣ ಆಗದೇ ತಪ್ಪಿಸ್ಕೊಂಡು ದೊಡ್ಡ ಕರುಳಿಗೆ ಬರುತ್ತೆ, ಅದಕ್ಕೆ ರೆಸಿಸ್ಟೆಂಟ್ ಸ್ಟಾರ್ಚ್ ಅಂತ 1982ರಲ್ಲಿ ಎಂಗ್ಲಿಸ್ಟ್ ಅನ್ನೋ ವಿಜ್ಞಾನಿ ಮತ್ತೆ ಅವರ ಜೊತೆಯವರು ಹೆಸರಿಟ್ರು. ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿ ಅಸಿಟೇಟ್, ಪ್ರೊಪಿಯೋನೇಟ್, ಬ್ಯುಟಿರೇಟ್ ಅನ್ನೋ ಆಮ್ಲಗಳನ್ನ ಮಾಡ್ತವೆ, ಇದ್ರಲ್ಲಿ ಬ್ಯುಟಿರೇಟೇ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯವಾದ ಆಹಾರ. ವಯಸ್ಸಾದ ಮೇಲೆ ಕರುಳಿನ ಚಲನೆ ನಿಧಾನ ಆಗುತ್ತೆ, ಬೈಫಿಡೋಬ್ಯಾಕ್ಟೀರಿಯಾ ಥರದ ಒಳ್ಳೇ ಬ್ಯಾಕ್ಟೀರಿಯಾ ಕಮ್ಮಿ ಆಗ್ತವೆ, ಹಲ್ಲು ಹೋಗಿ ನಾರಿನ ಊಟ ಬಿಟ್ಟಿರ್ತಾರೆ, ಮೇಲೆ ನಾಲ್ಕಾರು ಮಾತ್ರೆ, ಹಂಗಾಗಿ ಬ್ಯಾಕ್ಟೀರಿಯಾಗೆ ಮೇವು ಕೊಡೋದು ಅನ್ನೋ ಲೆಕ್ಕ ಸರಿಯಾಗೇ ಇದೆ.

ನಂಗೆ ತಕರಾರು ಇರೋದು ಪುಡಿ ಮಾಡೋ ರೀತಿ ಬಗ್ಗೆ. ಕಾಳಲ್ಲಿ ಸ್ಟಾರ್ಚ್ ಜೀರ್ಣ ಆಗದೇ ಉಳಿಯೋದಕ್ಕೆ ದೊಡ್ಡ ಕಾರಣ ಏನಂದ್ರೆ ಅದು ಗಟ್ಟಿ ಕೋಶಗೋಡೆ ಒಳಗೆ ಸಿಕ್ಕಾಕೊಂಡಿರುತ್ತೆ, ನಮ್ಮ ಎಂಜೈಮ್ ಒಳಗೆ ಹೋಗೋದೇ ಕಷ್ಟ. ಇಡೀ ಕಾಳು ಬೇಯಿಸಿದಾಗ ಕೋಶಗಳು ಒಂದಕ್ಕೊಂದು ಬಿಟ್ಕೊಳ್ತವೆ ಅಷ್ಟೇ, ಸುಮಾರು ಕೋಶ ಒಡೆಯಲ್ಲ. ಅದೇ ಹಸಿ ಕಾಳನ್ನ ನುಣ್ಣಗೆ ಹಿಟ್ಟು ಮಾಡಿದ್ರೆ ಗೋಡೆ ಒಡೆದು ಸ್ಟಾರ್ಚ್ ಆಚೆ ಬಂತು, ಬೀಗ ಮುರಿದು ಬಾಗಿಲು ತೆಗೆದಿಟ್ಟ ಹಾಗೆ, ಆಮೇಲೆ ಅದನ್ನ ಬಿಸಿ ಮಾಡಿದ್ರಂತೂ ಬೇಗ ಜೀರ್ಣ ಆಗ್ಬಿಡುತ್ತೆ. ಅಂದ್ರೆ ಮೊದಲು ಬೇಯಿಸಿ ಆಮೇಲೆ ಪುಡಿ ಮಾಡಿದ್ರಾ, ಇಲ್ಲ ಮೊದಲೇ ಪುಡಿ ಮಾಡಿದ್ರಾ ಅನ್ನೋದ್ರ ಮೇಲೆ ಇಡೀ ಡಬ್ಬದ ಯೋಗ್ಯತೆ ನಿಂತಿದೆ, ಅದೊಂದನ್ನೇ ಲೇಬಲ್ಲಲ್ಲಿ ಬರ್ದಿಲ್ಲ!

ಇನ್ನೊಂದು, ಒಂದು ಸ್ಪೂನಲ್ಲಿ ರೆಸಿಸ್ಟೆಂಟ್ ಸ್ಟಾರ್ಚ್ ಎಷ್ಟು ಗ್ರಾಂ ಅಂತಾನೂ ಇಲ್ಲ. ಡಯಟರಿ ಫೈಬರ್ ಅಂತ ಒಂದು ನಂಬರ್ ಇದೆ, ಅದ್ರಲ್ಲಿ ಸಿಪ್ಪೆ ನಾರು ಎಲ್ಲಾ ಸೇರಿರುತ್ತೆ. ಅಳೆಯೋಕೆ ಆಗಲ್ಲ ಅಂತೇನಿಲ್ಲ, ಲ್ಯಾಬ್‌ಗಳಲ್ಲಿ ಅದಕ್ಕೇ ಅಂತ ಒಪ್ಪಿಕೊಂಡಿರೋ ಟೆಸ್ಟ್ ಇದೆ. ಕಂಪನಿಗೆ ಮೇಲ್ ಹಾಕಿ ಕೇಳಿದ್ರೆ ನಮ್ಮದು ಹೈ ಫೈಬರ್ ಪ್ರಾಡಕ್ಟ್ ಅಂತ ಉತ್ತರ ಬಂತು, ನಾನ್ ಕೇಳಿದ್ದು ಅದಾ?

ಡಬ್ಬದ ಹಿಂದೆ ಪ್ರಯೋಗದಲ್ಲಿ ಸಾಬೀತಾಗಿದೆ ಅಂತ ಇದ್ಯಲ್ಲ, ಅದನ್ನೂ ಸ್ವಲ್ಪ ಹುಷಾರಾಗಿ ಓದ್ಬೇಕು. ಬೇಳೆಕಾಳಿನ ರೆಸಿಸ್ಟೆಂಟ್ ಸ್ಟಾರ್ಚ್ ಕೊಟ್ಟು ವಯಸ್ಸಾದ ಇಲಿಗಳಲ್ಲಿ ಕರುಳಿನ ಬ್ಯಾಕ್ಟೀರಿಯಾ ಬದಲಾಗೋದನ್ನ ನೋಡಿದ್ದಾರೆ ನಿಜ, ಆದ್ರೆ ಇಲಿ ಇಲಿನೇ. ಮನುಷ್ಯರ ಮೇಲೆ ಆಗಿರೋ ದೊಡ್ಡ ಪ್ರಯೋಗ ಅಂದ್ರೆ ಕ್ಯಾಪ್-2, ಲಿಂಚ್ ಸಿಂಡ್ರೋಮ್ (ವಂಶದಿಂದಲೇ ಕ್ಯಾನ್ಸರ್ ಅಪಾಯ ಜಾಸ್ತಿ ಇರೋ ಸ್ಥಿತಿ) ಇರೋರಿಗೆ ದಿನಕ್ಕೆ 30 ಗ್ರಾಂ ರೆಸಿಸ್ಟೆಂಟ್ ಸ್ಟಾರ್ಚ್ ಕೊಟ್ಟಿದ್ರು, 2022ರಲ್ಲಿ ಬಂದ ಫಲಿತಾಂಶದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಮ್ಮಿ ಆಗಿರ್ಲಿಲ್ಲ, ಬೇರೆ ಕಡೆಯ ಕ್ಯಾನ್ಸರ್‌ಗಳು ಮಾತ್ರ ಕಮ್ಮಿ ಆಗಿತ್ತು. ಮತ್ತೆ ಅಲ್ಲಿ ಕೊಟ್ಟಿದ್ದು ಬೀನ್ಸ್‌ದಲ್ಲ. ಸ್ಪೂನ್ ಪುಡಿಗೆ ಆ ಕ್ರೆಡಿಟ್ ಕೊಡಕ್ಕಾಗಲ್ಲ.

ಬಳಸಿದ್ದು ಹೆಂಗಿತ್ತು ಅಂದ್ರೆ, ಡಬ್ಬದ ಮೇಲೆ ಹೇಳಿದ ಅಳತೆಯಲ್ಲಿ ಶುರು ಮಾಡಿದ್ವಿ, ಅಮ್ಮಂಗೆ ಹೊಟ್ಟೆ ಉಬ್ಬರ, ಗ್ಯಾಸು, ನಿನ್ ಪುಡಿ ನೀನೇ ಕುಡಿ ಅಂದ್ಬಿಟ್ಲು. ಇದು ಬರೀ ಸ್ಟಾರ್ಚಿಂದ ಅಲ್ಲ, ಕಾಳಲ್ಲಿರೋ ರಾಫಿನೋಸ್, ಸ್ಟಾಕಿಯೋಸ್ ಅನ್ನೋ ಸಕ್ಕರೆಗಳನ್ನ ಒಡೆಯೋ ಎಂಜೈಮ್ ನಮ್ಮಲ್ಲಿ ಇಲ್ಲ, ಅವೂ ಬ್ಯಾಕ್ಟೀರಿಯಾ ಪಾಲೇ. ಅರ್ಧ ಸ್ಪೂನಿಗೆ ಇಳಿಸಿ ನಿಧಾನಕ್ಕೆ ಜಾಸ್ತಿ ಮಾಡಿದ್ಮೇಲೆ ಸಮಾಧಾನ ಆಯ್ತು. ಮೋಷನ್ ಈಗ ಸುಲಭವಾಗಿದೆ, ಆದ್ರೆ ನೀರು ಕುಡಿಯೋದೂ ಅದೇ ಟೈಮಲ್ಲಿ ಜಾಸ್ತಿ ಮಾಡಿದ್ಲು, ಹಂಗಾಗಿ ಪೂರ್ತಿ ಪೌಡರ್ ಕೆಲಸ ಅನ್ನಲ್ಲ. ರುಚಿ ಸುಮಾರು, ಹಸಿ ಹಸಿ ವಾಸನೆ ಇದೆ. ಬಿಸಿದಕ್ಕೆ ಹಾಕಿದ್ರೆ ಗಂಟು ಕಟ್ಟುತ್ತೆ.

ಹಲ್ಲು ಗಟ್ಟಿ ಇದ್ರೆ ಡಬ್ಬ ಬೇಡವೇ ಬೇಡ. ಕಾಳು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ (ಗ್ಯಾಸ್ ಮಾಡೋ ಸಕ್ಕರೆ ಸ್ವಲ್ಪ ಅದ್ರಲ್ಲೇ ಹೋಗುತ್ತೆ), ಚೆನ್ನಾಗಿ ಬೇಯಿಸಿ ಫ್ರಿಜ್ಜಲ್ಲಿಟ್ರೆ ತಣ್ಣಗಾಗ್ತಾ ಸ್ಟಾರ್ಚ್ ಇನ್ನಷ್ಟು ಗಟ್ಟಿ ಕೂತ್ಕೊಂಡು ರೆಸಿಸ್ಟೆಂಟ್ ಆಗುತ್ತೆ, ಮತ್ತೆ ಬಿಸಿ ಮಾಡಿದ್ರೂ ಬಹುಪಾಲು ಉಳಿಯುತ್ತೆ. ರಾಜ್ಮಾ ಮಾತ್ರ ಕೊತಕೊತ ಕುದೀಲೇಬೇಕು, ಅರೆಬೆಂದಿದ್ರೆ ಅದ್ರಲ್ಲಿರೋ ಲೆಕ್ಟಿನ್ ಅನ್ನೋ ಪ್ರೋಟೀನ್ ವಾಂತಿಭೇದಿ ಮಾಡ್ಸುತ್ತೆ. ಅದಕ್ಕೇ ಹಸಿ ರಾಜ್ಮಾ ಹಿಟ್ಟು ಅಂತ ಯಾರಾದ್ರೂ ಮಾರಿದ್ರೆ ಮುಟ್ಬೇಡಿ.

ಕಿಡ್ನಿ ತೊಂದರೆ ಇರೋರು, ಐಬಿಎಸ್ (ಪದೇ ಪದೇ ಹೊಟ್ಟೆನೋವು, ಮೋಷನ್ ಏರುಪೇರು ಆಗೋ ತೊಂದರೆ) ಇರೋರು, ಶುಗರ್‌ಗೆ ಇನ್ಸುಲಿನ್ ತಗೊಳ್ಳೋರು ಡಾಕ್ಟರನ್ನ ಕೇಳದೇ ಶುರು ಮಾಡ್ಬೇಡಿ, ಕಾಳಲ್ಲಿ ಪೊಟ್ಯಾಸಿಯಂ ಚೆನ್ನಾಗೇ ಇರುತ್ತೆ, ಕಿಡ್ನಿಯವರು ಅದನ್ನ ನೋಡ್ಕೋಬೇಕು. ಅಮ್ಮನ ಥರ ಅಗಿಯಕ್ಕಾಗದವರಿಗೆ ಪೌಡರ್ ಓಕೆ, ಆ ಕಾರಣಕ್ಕೇ ಮೂರು ಸ್ಟಾರ್, ಲೇಬಲ್ಲಲ್ಲಿ ಗ್ರಾಂ ಲೆಕ್ಕ ಹಾಕಿದ ದಿನ ಬಂದು ನಾಲ್ಕು ಮಾಡ್ತೀನಿ.